ಎಂ ಕ್ಯಾಮೆರಾಗೆ ವಿಡಿಯೋ ಬೇಡ: ವೆಟ್ಸ್ಲಾರ್‌ನ ಲೈಕಾದವರಿಗೆ ಒಂದು ಬಹಿರಂಗ ಪತ್ರ

ಲೈಕಾ ಕ್ಯಾಮೆರಾ ಕಂಪನಿಯ ಆಡಳಿತದವರಿಗೆ, ಮತ್ತು ಮುಂದಿನ ಎಂ ಕ್ಯಾಮೆರಾದ ನಕ್ಷೆ ಮುಂದಿಟ್ಟುಕೊಂಡು ಕೂತಿರುವ ಎಂಜಿನಿಯರ್‌ಗಳಿಗೆ,

ನಮಸ್ಕಾರ.

ನಾನು ತಿಪಟೂರಿನವನು. ಹತ್ತು ವರ್ಷದಿಂದ ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ. ನಿಮ್ಮ ವೆಟ್ಸ್ಲಾರ್ ನನ್ನ ಮನೆಯಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನನಗೆ ಯೋಚನೆ ಬರುವುದೇ ಕನ್ನಡದಲ್ಲಿ, ಮತ್ತು ಊರಿನ ಕಡೆಯ ಫೋಟೋ ಗೆಳೆಯರೂ ಇದನ್ನು ಓದಬೇಕು. ಜರ್ಮನ್ ಪ್ರತಿಯನ್ನು ನಿಮಗೆ ಅಂಚೆಯಲ್ಲಿ ಕಳಿಸುತ್ತೇನೆ.

ವಿಷಯ ಇಷ್ಟು. ನಿಮ್ಮ ಎಂ ಸಾಲಿನ ಕ್ಯಾಮೆರಾಗೆ, ಅಂದರೆ ಕಿಟಕಿಯಲ್ಲಿ ಎರಡು ಬಿಂಬ ಕೂಡಿಸಿ ಕೈಯಲ್ಲೇ ಫೋಕಸ್ ಮಾಡುವ ರೇಂಜ್‌ಫೈಂಡರ್ ಕ್ಯಾಮೆರಾಗೆ, ವಿಡಿಯೋ ಕೊಡಿ ಎನ್ನುವ ಮಾತು ನಿಲ್ಲುತ್ತಲೇ ಇಲ್ಲ. ಹೊಸ ಎಂ ಬಂದಾಗಲೆಲ್ಲ ಮತ್ತೆ ಶುರುವಾಗುತ್ತದೆ. ಇಷ್ಟು ದುಡ್ಡು ಸುರಿದು ತಗೊಂಡ ಕ್ಯಾಮೆರಾ ಒಂದು ನಿಮಿಷದ ವಿಡಿಯೋ ಕೂಡ ಮಾಡುವುದಿಲ್ಲ, ಕಾಲು ಬೆಲೆಯ ಕ್ಯಾಮೆರಾ ಮಾಡುತ್ತದೆ, ಅಷ್ಟೇ ಯಾಕೆ ಜೇಬಿನಲ್ಲಿರುವ ಫೋನೂ ಮಾಡುತ್ತದೆ, ಇದು ಯಾವ ನ್ಯಾಯ ಅಂತ ಕೇಳುತ್ತಾರೆ. ಕೇಳುವವರು ದಡ್ಡರಲ್ಲ. ಅವರಲ್ಲಿ ನನ್ನ ಹತ್ತಿರದ ಗೆಳೆಯರೂ ಇದ್ದಾರೆ. ಆದರೂ ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ದಯವಿಟ್ಟು ಒಪ್ಪಬೇಡಿ. ರೇಂಜ್‌ಫೈಂಡರ್ ಇರುವ ಎಂ ಕ್ಯಾಮೆರಾ ಸ್ಟಿಲ್ ಫೋಟೋಗೆ ಮಾತ್ರ ಇರಲಿ.

ಹಳೆಯದೆಲ್ಲ ಚೆನ್ನ ಎನ್ನುವ ಹಟ ನನ್ನದಲ್ಲ. 2006ರಲ್ಲಿ ನೀವು ಎಂ8 ತಂದು, ಫಿಲ್ಮ್ ಜೊತೆಗೆ ಡಿಜಿಟಲ್ ಕಡೆಗೂ ಬಂದಿದ್ದು ಸರಿಯಾದ ಹೆಜ್ಜೆ. 2009ರಲ್ಲಿ ಎಂ9 ಬಂದು, ಸೆನ್ಸರ್ ಹಳೆಯ ಫಿಲ್ಮಿನ ಪೂರ್ತಿ ಅಳತೆಗೆ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. 2022ರ ಎಂ11ರಲ್ಲಿ ತಳದ ಪ್ಲೇಟನ್ನೇ ತೆಗೆದುಬಿಟ್ಟಿರಿ, ಒಳಗೇ 64 ಜಿಬಿ ಜಾಗ ಇಟ್ಟಿರಿ. ಅದಕ್ಕೂ ಬೇಸರ ಮಾಡಿಕೊಂಡವರು ಇದ್ದರು. ನಾನು ಮಾಡಿಕೊಳ್ಳಲಿಲ್ಲ. ಮಳೆಯಲ್ಲಿ ನಿಂತು ಬ್ಯಾಟರಿ ಬದಲಾಯಿಸುವಾಗ ಆ ಪ್ಲೇಟನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬ ಕಷ್ಟ ತಪ್ಪಿತು, ಫೋಟೋ ತೆಗೆಯುವ ರೀತಿ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ವಿಡಿಯೋ ಹಾಗಲ್ಲ. ಅದು ತೆಗೆಯುವ ರೀತಿಯನ್ನೇ ಬದಲಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಎಂ ಕ್ಯಾಮೆರಾದಲ್ಲಿ ಕಣ್ಣು ಲೆನ್ಸಿನ ಮೂಲಕ ನೋಡುವುದಿಲ್ಲ. ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ, ಆದರೆ ರೇಂಜ್‌ಫೈಂಡರ್ ಹಿಡಿಯದವರೂ ಈ ಪತ್ರ ಓದುತ್ತಾರೆ, ಅವರಿಗಾಗಿ ಹೇಳುತ್ತೇನೆ. ಲೆನ್ಸ್ ಒಂದು ಕಡೆ, ನಾವು ನೋಡುವ ಕಿಟಕಿ ಇನ್ನೊಂದು ಕಡೆ. ಆ ಕಿಟಕಿಯಿಂದ ಸುಮಾರು 7 ಸೆಂಟಿಮೀಟರ್ ದೂರದಲ್ಲಿ ಇನ್ನೊಂದು ಪುಟ್ಟ ಕಿಟಕಿ. ಎರಡರ ಬಿಂಬವೂ ನಮ್ಮ ಕಣ್ಣಿಗೆ ಒಟ್ಟಿಗೆ ಬೀಳುತ್ತದೆ. ಫೋಕಸ್ ಆಗದಿದ್ದರೆ ನಡುವಿನ ಚೌಕದಲ್ಲಿ ಎಲ್ಲವೂ ಎರಡೆರಡು ಕಾಣುತ್ತದೆ. ಲೆನ್ಸ್ ತಿರುಗಿಸಿದರೆ ಅದರ ಹಿಂಭಾಗ ಕ್ಯಾಮೆರಾ ಒಳಗಿನ ಒಂದು ಸಣ್ಣ ಉರುಳೆಯನ್ನು ತಳ್ಳುತ್ತದೆ, ಎರಡನೇ ಬಿಂಬ ಸರಿಯುತ್ತದೆ, ಎರಡೂ ಒಂದರ ಮೇಲೊಂದು ಕೂತಾಗ ಫೋಕಸ್ ಆಯಿತು ಅಂತ ಅರ್ಥ. 1954ರ ಎಂ3ರಲ್ಲಿ ಹೇಗಿತ್ತೋ ಇವತ್ತಿನ ಎಂ11ರಲ್ಲೂ ಹಾಗೇ ಇದೆ. ಅವತ್ತಿನ ಲೆನ್ಸ್ ಇವತ್ತಿನ ಕ್ಯಾಮೆರಾಗೆ ಕೂರುತ್ತದೆ.

ಇನ್ನೊಂದು ವಿಷಯ ಇದೆ, ನನಗೆ ಅದೇ ದೊಡ್ಡದು. ಕಿಟಕಿಯಲ್ಲಿ ಕಾಣುವ ಬಿಳಿ ಗೆರೆಗಳ ಚೌಕಟ್ಟಿನ ಆಚೆಗೂ ಕಾಣುತ್ತದೆ. 50 ಮಿಲಿಮೀಟರಿನ ಲೆನ್ಸ್ ಹಾಕಿದಾಗ ಫೋಟೋದಲ್ಲಿ ಬೀಳದ ಜಾಗವೂ ಸುತ್ತ ಧಾರಾಳವಾಗಿ ಕಾಣುತ್ತಿರುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲಿನ ಹತ್ತಿರ ನಿಂತರೆ, ಬುಟ್ಟಿ ಹೊತ್ತವರು ಚೌಕಟ್ಟಿನ ಒಳಗೆ ಬರುವ ಮೊದಲೇ ನನಗೆ ಕಾಣುತ್ತಾರೆ. ಅವರು ಒಳಗೆ ಬರುವುದಕ್ಕೆ ಕಾಯುತ್ತೇನೆ. ಬರುತ್ತಾರೆ, ಇಲ್ಲಾ ಆ ಕಡೆ ತಿರುಗಿಬಿಡುತ್ತಾರೆ. ಬಂದರೆ ಒಂದು ಸಲ ಒತ್ತುತ್ತೇನೆ. ಒತ್ತಿದ ಗಳಿಗೆಯಲ್ಲೂ ಕಿಟಕಿ ಕಪ್ಪಾಗುವುದಿಲ್ಲ, ಏನಾಯಿತು ಅಂತ ನೋಡುತ್ತಲೇ ಇರುತ್ತೇನೆ.

ಈಗ ಇದೇ ಕ್ಯಾಮೆರಾದಲ್ಲಿ ವಿಡಿಯೋ ಮಾಡಿ ನೋಡೋಣ. ಕಿಟಕಿಯಲ್ಲಿ ನೋಡುತ್ತಾ ಮಾಡಲು ಆಗುವುದಿಲ್ಲ. ಸೆನ್ಸರ್ ಮುಂದೆ ಶಟರ್ ತೆರೆದುಕೊಂಡೇ ಇರಬೇಕು, ಚಿತ್ರವನ್ನು ಹಿಂದಿನ ಪರದೆಯಲ್ಲಿ ನೋಡಬೇಕು. ಅಂದರೆ ಎಂ ಕ್ಯಾಮೆರಾ ಯಾವುದರಿಂದ ಎಂ ಆಯಿತೋ ಆ ಕಿಟಕಿಯಿಂದ ಕಣ್ಣು ತೆಗೆದು, ಕೈ ಚಾಚಿ, ಪರದೆ ನೋಡುತ್ತಾ ನಿಲ್ಲಬೇಕು. ಫೋಕಸನ್ನು ಕ್ಯಾಮೆರಾ ತಾನೇ ಮಾಡುವುದಿಲ್ಲ, ಕೈಯಲ್ಲೇ ಮಾಡಬೇಕು. ಎದುರಿನವರು ಎರಡು ಹೆಜ್ಜೆ ಮುಂದೆ ಬಂದರೆ ಮಸುಕು. ಕೈ ನಡುಕ ಸರಿಮಾಡುವ ವ್ಯವಸ್ಥೆಯೂ ಎಂ ಒಳಗೆ ಇಲ್ಲ, ಚಿತ್ರ ಅಲುಗಾಡುತ್ತದೆ.

ಬೆಳಕಿನ ಲೆಕ್ಕ ಇನ್ನೂ ಕಷ್ಟ. ಸೆಕೆಂಡಿಗೆ 25 ಚಿತ್ರದ ವಿಡಿಯೋದಲ್ಲಿ ಚಲನೆ ಕಣ್ಣಿಗೆ ಸಹಜವಾಗಿ ಕಾಣಬೇಕಾದರೆ ಶಟರ್ 1/50 ಸೆಕೆಂಡಿನ ಹತ್ತಿರ ಇರಬೇಕು ಅಂತ ಸಿನಿಮಾದವರು ಹೇಳುತ್ತಾರೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಐಎಸ್ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, 200 ಇಟ್ಟು, ಲೆನ್ಸಿನ ಕಂಡಿಯನ್ನು ಎಫ್16ಕ್ಕೆ ಕಿರಿದು ಮಾಡಿದರೆ 1/200 ಸೆಕೆಂಡ್ ಸಾಕು. ಇದು ಫಿಲ್ಮಿನ ಕಾಲದಿಂದ ಎಲ್ಲರಿಗೂ ಗೊತ್ತಿರುವ ಲೆಕ್ಕ. 1/50 ಇಟ್ಟರೆ ಎಫ್16ರಲ್ಲೂ ಎರಡು ಸ್ಟಾಪ್ ಬೆಳಕು ಜಾಸ್ತಿ, ಒಂದೊಂದು ಸ್ಟಾಪಿಗೂ ಬೆಳಕು ಎರಡರಷ್ಟಾಗುತ್ತದೆ. ಕಂಡಿ ಅಗಲವಾಗಿ ತೆರೆದ ಎಫ್2ರಲ್ಲಿ, ಅಂದರೆ ಜನ ಯಾವ ಹಿನ್ನೆಲೆ ಮಸುಕಿಗಾಗಿ ನಿಮ್ಮ ಲೆನ್ಸ್ ತಗೊಳ್ಳುತ್ತಾರೋ ಅದರಲ್ಲಿ, ಎಂಟು ಸ್ಟಾಪ್ ಜಾಸ್ತಿ. ಹಾಗಾಗಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಫಿಲ್ಟರ್ ಆದಮೇಲೆ ಬಿಸಿಲಲ್ಲಿ ಪರದೆ ಕಾಣುವುದಿಲ್ಲ ಅಂತ ಮೇಲೆ ಸಿಕ್ಕಿಸುವ ಎಲೆಕ್ಟ್ರಾನಿಕ್ ವ್ಯೂಫೈಂಡರ್. ಆಮೇಲೆ ಮೈಕು. ಆಮೇಲೆ ಕೈ ಅಲುಗದಂತೆ ಹಿಡಿಯುವ ಚೌಕಟ್ಟು. ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಲಿ ಅಂತ ಹುಟ್ಟಿದ ಕ್ಯಾಮೆರಾ ಕೊನೆಗೆ ಒಂದು ಟ್ರಂಕಿನ ಸಾಮಾನಾಗುತ್ತದೆ.

ಇದೆಲ್ಲ ಬರೀ ಊಹೆ ಅಲ್ಲ. ನೀವೇ ಮಾಡಿ ನೋಡಿದ್ದೀರಿ. 2012ರಲ್ಲಿ ಕಲೋನ್‌ನ ಫೋಟೊಕಿನಾ ಕ್ಯಾಮೆರಾ ಮೇಳದಲ್ಲಿ ತೋರಿಸಿದ ಎಂ, ಟೈಪ್ 240 ಅಂತ ಕರೆಯುವುದು, ವಿಡಿಯೋ ಇದ್ದ ಮೊದಲ ಎಂ. ಆಗ ನೀವು ಹಾಗೆ ಮಾಡಿದ್ದು ನನಗೆ ಅರ್ಥವಾಗುತ್ತದೆ. 2008ರಲ್ಲಿ ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್ 2 ಬಂದು ಸ್ಟಿಲ್ ಕ್ಯಾಮೆರಾದಲ್ಲೇ ವಿಡಿಯೋ ಅಂತ ಎಲ್ಲ ಕಡೆ ಸದ್ದಾಗಿತ್ತು. ಲೆನ್ಸಿನ ಮೂಲಕವೇ ನೋಡುವ ನಿಮ್ಮ ಆರ್ ಸಾಲಿನ ಕ್ಯಾಮೆರಾ 2009ರಲ್ಲಿ ನಿಂತುಹೋಗಿತ್ತು, ಆ ಲೆನ್ಸ್ ಇಟ್ಟುಕೊಂಡವರಿಗೆ ಏನಾದರೂ ದಾರಿ ಬೇಕಿತ್ತು. ಲೆನ್ಸಿನ ಚಿತ್ರವನ್ನು ಹಿಂದಿನ ಪರದೆಯಲ್ಲಿ ತೋರಿಸುವ ಲೈವ್ ವ್ಯೂ ತಂದಿರಿ, ಅದರ ಜೊತೆ 1080ಪಿ ವಿಡಿಯೋ ತಂದಿರಿ. ಶಟರ್ ಗುಂಡಿಯ ಪಕ್ಕದಲ್ಲೇ ವಿಡಿಯೋಗೆ ಅಂತ ಇನ್ನೊಂದು ಗುಂಡಿ ಇಟ್ಟಿರಿ. ಆ ಜಾಗದಲ್ಲಿ! ಎಂ ಹಿಡಿದವರು ಕಣ್ಣು ಕಿಟಕಿಯಲ್ಲಿ ಇಟ್ಟು ಬೆರಳಿನಿಂದಲೇ ಹುಡುಕುವ ಜಾಗ ಅದು. ಹಿಂದೆ ಎಡಗಡೆ ಸಾಲಾಗಿ ಆರು ಗುಂಡಿ ಬಂದವು. ಬ್ಯಾಟರಿ ದೊಡ್ಡದಾಯಿತು. ಎಂ9 37 ಮಿಲಿಮೀಟರ್ ದಪ್ಪ ಇತ್ತು, ಇದು 42 ಆಯಿತು. ಐದು ಮಿಲಿಮೀಟರ್ ಏನು ಮಹಾ ಅನಿಸಬಹುದು. ದಿನವಿಡೀ ಬಲಗೈಯಲ್ಲಿ ಹಿಡಿದು ನಡೆಯುವವರಿಗೆ ಅದು ತುಂಬಾ ಜಾಸ್ತಿ.

240 ಕೆಟ್ಟ ಕ್ಯಾಮೆರಾ ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ತೆಗೆದ ಎಷ್ಟೋ ಒಳ್ಳೆಯ ಫೋಟೋ ನೋಡಿದ್ದೇನೆ. ನೋಡಿದ ವಿಡಿಯೋ ಮಾತ್ರ ನೆನಪಿಗೆ ಬರುತ್ತಿಲ್ಲ.

ಆಮೇಲೆ ನೀವು ಒಂದೊಂದೇ ಹೆಜ್ಜೆ ಹಿಂದೆ ಬಂದಿರಿ. ಆ ಹಿಂದೆ ಬಂದ ಹೆಜ್ಜೆಗಳೇ ನನಗೆ ಇಷ್ಟ. 2014ರಲ್ಲಿ ಎಂ ಸಾಲಿಗೆ ಅರವತ್ತು ವರ್ಷ ಆಯಿತು ಅಂತ 600 ಮಾತ್ರ ಮಾಡಿದ ಕ್ಯಾಮೆರಾಗೆ ಪರದೆಯೇ ಇರಲಿಲ್ಲ. 2015ರ ಕೊನೆಗೆ ಟೈಪ್ 262 ಬಂತು. ವಿಡಿಯೋ ಇಲ್ಲ, ಲೈವ್ ವ್ಯೂ ಇಲ್ಲ, 680 ಗ್ರಾಂ ಇದ್ದದ್ದು 600ಕ್ಕೆ ಇಳಿಯಿತು. 2016ರಲ್ಲಿ ಎಂ-ಡಿ ಬಂತು, ಅದಕ್ಕೂ ಪರದೆ ಇಲ್ಲ, ಹಿಂದೆ ಐಎಸ್ಒ ತಿರುಗಿಸುವ ಒಂದು ಚಕ್ರ ಅಷ್ಟೇ. ಇವನ್ನೆಲ್ಲ ಜನ ದುಡ್ಡು ಕೊಟ್ಟು ತಗೊಂಡರು. ಕಡಿಮೆ ಇರುವುದಕ್ಕೆ ಅಂತಲೇ ದುಡ್ಡು ಕೊಟ್ಟರು.

2017ರ ಜನವರಿಯಲ್ಲಿ ಎಂ10. ವಿಡಿಯೋ ತೆಗೆದಿರಿ. ಆರು ಗುಂಡಿ ಮೂರಾದವು. ದಪ್ಪ ನಾಲ್ಕು ಮಿಲಿಮೀಟರಿನಷ್ಟು ಇಳಿದು ಹಳೆಯ ಫಿಲ್ಮ್ ಎಂ ಹತ್ತಿರಕ್ಕೆ ಬಂತು. ಫಿಲ್ಮ್ ಸುತ್ತುವ ಗುಬುಟು ಇದ್ದ ಜಾಗದಲ್ಲಿ ಐಎಸ್ಒ ಚಕ್ರ ಕೂತಿತು. ಆದರೆ ಲೈವ್ ವ್ಯೂ ಉಳಿಸಿಕೊಂಡಿರಿ, ಅದು ಸರಿ. ಹತ್ತಿರದ ವಸ್ತು ತೆಗೆಯುವವರಿಗೆ, ದೂರದ್ದನ್ನು ಹತ್ತಿರ ತೋರಿಸುವ 135ರ ಲೆನ್ಸ್ ಹಾಕುವವರಿಗೆ ಅದು ಬೇಕಾಗುತ್ತದೆ. ಅದೂ ಫೋಟೋಗೇ ನೆರವು. ಅಂದರೆ ನೀವು ಸುಮ್ನೆ ಹಿಂದಕ್ಕೆ ಹೋಗಲಿಲ್ಲ. ಯಾವುದು ಫೋಟೋಗೆ ಬೇಕು, ಯಾವುದು ಬೇಡ ಅಂತ ಆರಿಸಿದಿರಿ. ನಾನು ಇವತ್ತು ಹಿಡಿಯುವುದು ಆ ಎಂ10, ಸೆಕೆಂಡ್ ಹ್ಯಾಂಡ್, ಮೇಲೆ ಒಂದು ಮೂಲೆಯಲ್ಲಿ ಕಪ್ಪು ಬಣ್ಣ ಹೋಗಿ ಹಿತ್ತಾಳೆ ಕಾಣುತ್ತದೆ.

ನಮ್ಮ ತಂದೆಯವರದ್ದು ತಿಪಟೂರಿನಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ. ಮೊದಲು ಯಾಶಿಕಾ, ಆಮೇಲೆ ಪೆಂಟಾಕ್ಸ್ ಕೆ1000. ತೊಂಬತ್ತರ ದಶಕದಲ್ಲಿ ಮದುವೆಗೆ ವಿಡಿಯೋ ಬಂತು. ಭುಜದ ಮೇಲೆ ಕೂರುವ ವಿಎಚ್ಎಸ್ ಕ್ಯಾಮೆರಾ, ಪಕ್ಕದಲ್ಲಿ ಹ್ಯಾಲೊಜೆನ್ ಲೈಟ್ ಎತ್ತಿ ಹಿಡಿಯುವ ಒಬ್ಬ ಹುಡುಗ, ಕಾಲಿಗೆ ಸಿಕ್ಕುವ ವೈರು. ನಾನು ರಜೆಯಲ್ಲಿ ಆ ಲೈಟ್ ಹಿಡಿದಿದ್ದೇನೆ. ಧಾರೆ ಎರೆಯುವ ಹೊತ್ತಿಗೆ ಲೈಟ್ ಆನ್ ಮಾಡಿದ ತಕ್ಷಣ ಏನಾಗುತ್ತಿತ್ತು ಗೊತ್ತಾ? ಎಲ್ಲರೂ ತಾವು ಮಾಡುತ್ತಿದ್ದುದನ್ನು ನಿಲ್ಲಿಸಿ ಕ್ಯಾಮೆರಾ ನೋಡುತ್ತಾ ನಿಂತುಬಿಡುತ್ತಿದ್ದರು. ಹುಡುಗಿಯ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದವರು ಕೈ ಕೆಳಗೆ ಇಳಿಸಿಬಿಡುತ್ತಿದ್ದರು. ವಿಡಿಯೋದವರು ಅಕ್ಷತೆ ಇನ್ನೊಂದು ಸಲ ಹಾಕಿ ಎನ್ನುತ್ತಿದ್ದರು. ಅಪ್ಪ ಆ ಲೈಟ್ ಆರುವವರೆಗೂ ಸುಮ್ಮನೆ ಒಂದು ಪಕ್ಕ ನಿಂತು ಕಾಯುತ್ತಿದ್ದರು. ಅದು ಆರಿದ ಮೇಲೆ ಜನ ಮತ್ತೆ ಜನರಂತೆ ಆಗುತ್ತಿದ್ದರು, ಆಗ ಅಪ್ಪ ಎರಡು ಮೂರು ಫೋಟೋ ತೆಗೆಯುತ್ತಿದ್ದರು. ಊರಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಇವತ್ತೂ ಇರುವುದು ಆ ಎರಡು ಮೂರರಲ್ಲಿ ಒಂದು.

ಇವತ್ತಿನ ವಿಡಿಯೋಗೆ ಆ ಲೈಟ್ ಬೇಡ, ನಿಜ. ಆದರೆ ವಿಡಿಯೋ ಮಾಡುವವರ ಮನಸ್ಸು ಬೇರೆ ಥರ ಕೆಲಸ ಮಾಡುತ್ತದೆ. ಅವರಿಗೆ ಶುರು ಬೇಕು, ನಡು ಬೇಕು, ಕೊನೆ ಬೇಕು, ದನಿ ಬೇಕು. ಅದೂ ದೊಡ್ಡ ಕಲೆಯೇ. ಎರಡನ್ನೂ ಒಂದೇ ಹೊತ್ತಿನಲ್ಲಿ ಒಂದೇ ಕೈಯಲ್ಲಿ ಮಾಡಲು ಹೋದರೆ ಎರಡೂ ಅರ್ಧಂಬರ್ಧ. ಇದು ನನಗೆ ಸರಿಯಾಗಿ ತಿಳಿದಿದ್ದು ನಮ್ಮ ಅಜ್ಜಿಯಿಂದ.

ಎರಡು ವರ್ಷದ ಹಿಂದೆ ಚಿಕ್ಕಪ್ಪನ ಮಗಳ ಮದುವೆ. ಚಪ್ಪರದ ದಿನ ಸಂಜೆ ಅಜ್ಜಿ ಹಜಾರದ ಕಂಬಕ್ಕೆ ಒರಗಿ ಕೂತು ಸೋಬಾನೆ ಪದ ಶುರು ಮಾಡಿದರು. ವಯಸ್ಸು ಎಂಬತ್ತೆಂಟು. ಅಷ್ಟು ದಿನ ಯಾರು ಕೇಳಿದರೂ ಗಂಟಲು ಸರಿಯಿಲ್ಲ ಎನ್ನುತ್ತಿದ್ದವರು. ನನ್ನ ಕೊರಳಲ್ಲಿ ಎಂ10 ಇತ್ತು. ಎರಡು ಮೀಟರ್ ದೂರದಲ್ಲಿ ಕೂತು 50ರ ಲೆನ್ಸಿನಲ್ಲಿ, ಎಫ್2ರಲ್ಲಿ, ಮೂರು ಫೋಟೋ ತೆಗೆದೆ. ಆಮೇಲೆ ಕ್ಯಾಮೆರಾ ಕೆಳಗಿಟ್ಟೆ. ಫೋನನ್ನು ಒಂದು ಹಿತ್ತಾಳೆ ಚೊಂಬಿಗೆ ಒರಗಿಸಿ ರೆಕಾರ್ಡಿಂಗ್ ಒತ್ತಿ, ಪಕ್ಕದಲ್ಲಿ ಕೂತು ಪೂರ್ತಿ ಕೇಳಿದೆ. ಪಕ್ಕದ ಮನೆಯ ಅತ್ತೆಯವರು ದನಿಗೂಡಿಸಿದ್ದು, ಅಜ್ಜಿ ಒಂದು ಸಾಲು ಮರೆತು ನಕ್ಕಿದ್ದು, ಎಲ್ಲ ಅದರಲ್ಲಿದೆ. ಚಿತ್ರ ಅಷ್ಟೇನೂ ಚೆನ್ನಾಗಿಲ್ಲ. ದನಿ ಇದೆ, ಅದು ಸಾಕು.

ಆ ಹೊತ್ತಿನಲ್ಲಿ ನನ್ನ ಎಂ ಕ್ಯಾಮೆರಾದಲ್ಲೇ ವಿಡಿಯೋ ಇದ್ದಿದ್ದರೆ? ಖಂಡಿತ ಅದರಲ್ಲೇ ಮಾಡಲು ಹೋಗುತ್ತಿದ್ದೆ. ಎರಡು ಮೀಟರಿನಲ್ಲಿ ಎಫ್2ರ ಫೋಕಸ್ ಆಳ ಒಂದು ಗೇಣು ಸಹ ಇರುವುದಿಲ್ಲ. ಅಜ್ಜಿ ಹಾಡುವಾಗ ತೂಗುತ್ತಾರೆ. ನಾನು ಪರದೆ ನೋಡುತ್ತಾ, ಲೆನ್ಸ್ ತಿರುಗಿಸುತ್ತಾ, ಫೋಕಸ್ ಹಿಂದೆ ಓಡುತ್ತಾ ಇರುತ್ತಿದ್ದೆ. ಹಾಡು ಕಿವಿಗೆ ಬೀಳುತ್ತಿರಲಿಲ್ಲ. ಮೂರು ಫೋಟೋನೂ ಇರುತ್ತಿರಲಿಲ್ಲ.

ಹಾಗಾಗಿ ವಿಡಿಯೋ ಕೇಳುವವರ ಆಸೆ ಸುಳ್ಳು ಅಂತ ನಾನು ಹೇಳುವುದೇ ಇಲ್ಲ. ದನಿ ಉಳಿಸಿಕೊಳ್ಳಬೇಕು ಎನ್ನುವುದು ನ್ಯಾಯವಾದ ಆಸೆ. ಆದರೆ ಅದಕ್ಕೆ ಬೇಕಾದ ಸಾಧನ ಈಗ ಎಲ್ಲರ ಜೇಬಿನಲ್ಲೂ ಇದೆ. ಎಂ ಮಾಡುವ ಕೆಲಸವನ್ನು ಮಾಡುವ ಸಾಧನ ಮಾತ್ರ ಜಗತ್ತಿನಲ್ಲಿ ಬೆರಳೆಣಿಕೆಯಷ್ಟೂ ಇಲ್ಲ. 2004ರಲ್ಲಿ ಎಪ್ಸನ್‌ನವರು ಆರ್‌ಡಿ1 ಅಂತ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ತಂದರು, ಅದು ಮುಂದುವರಿಯಲಿಲ್ಲ. ಫ್ರಾನ್ಸಿನ ಪಿಕ್ಸಿ ಎಂಬ ಪುಟ್ಟ ಕಂಪನಿ ಮಾಡುತ್ತಿದೆ. ಅವರನ್ನು ಬಿಟ್ಟರೆ ನೀವೇ. ನೀವೂ ಎಲ್ಲರಂತೆ ಆಗಿಬಿಟ್ಟರೆ ನಾವು ಎಲ್ಲಿಗೆ ಹೋಗಬೇಕು ಹೇಳಿ.

ಬೇಡದಿದ್ದರೆ ಬಳಸಬೇಡಿ, ಇದ್ದರೆ ನಷ್ಟ ಏನು? ಇದು ನಾನು ಅತಿ ಜಾಸ್ತಿ ಕೇಳಿದ ಪ್ರಶ್ನೆ. ನಷ್ಟ ಇದೆ. ವಿಡಿಯೋ ಇದ್ದಮೇಲೆ ಮೆನುವಿನಲ್ಲಿ ಅದಕ್ಕೆ ಪುಟಗಳು ಬರುತ್ತವೆ. ದನಿಯ ಮಟ್ಟ, ಬಣ್ಣದ ಪ್ರೊಫೈಲು, ಸೆಕೆಂಡಿಗೆ ಎಷ್ಟು ಚಿತ್ರ, ಯಾವ ಫೈಲು ಅಂತ ಕೇಳುತ್ತದೆ. ಸೆನ್ಸರ್ ಹೊತ್ತುಗಟ್ಟಲೆ ಓಡುವುದರಿಂದ ಬಿಸಿ ಆಗುತ್ತದೆ, ಆ ಬಿಸಿ ಹೊರಗೆ ಹೋಗಲು ಮೈಯಲ್ಲಿ ಜಾಗ ಮಾಡಬೇಕು. ಬ್ಯಾಟರಿ ಬೇಗ ಖಾಲಿ. ಮೈಕಿಗೆ ತೂತು ಬೇಕು. ಒಂದು ಸಲ ಕೊಟ್ಟಮೇಲೆ ಅಲ್ಲಿಗೆ ನಿಲ್ಲುವುದೂ ಇಲ್ಲ. 1080ಪಿ ಕೊಟ್ಟರೆ 4ಕೆ ಎಲ್ಲಿ ಎನ್ನುತ್ತಾರೆ, 4ಕೆ ಕೊಟ್ಟರೆ 8ಕೆ ಕೇಳುತ್ತಾರೆ, ಆಮೇಲೆ ಆಟೋಫೋಕಸ್ ಇಲ್ಲದ ವಿಡಿಯೋ ಯಾಕೆ ಬೇಕು ಎನ್ನುತ್ತಾರೆ, ಮತ್ತು ಆ ಹೊತ್ತಿಗೆ ಅವರ ಪ್ರಶ್ನೆ ಸರಿಯಾಗಿಯೇ ಇರುತ್ತದೆ. ನಿಮ್ಮ ಎಂಜಿನಿಯರ್‌ಗಳ ದಿನಕ್ಕೂ ಇಪ್ಪತ್ನಾಲ್ಕೇ ಗಂಟೆ ಅಲ್ವಾ? ಅದರಲ್ಲಿ ವಿಡಿಯೋಗೆ ಹೋದ ಗಂಟೆ ರೇಂಜ್‌ಫೈಂಡರ್‌ಗೆ ಸಿಗುವುದಿಲ್ಲ.

ಬೆಲೆಯ ಮಾತು. ಎಂ11 ಬಂದಾಗ ಅಮೆರಿಕದಲ್ಲಿ 8,995 ಡಾಲರ್. ದೊಡ್ಡ ದುಡ್ಡು, ನಮ್ಮ ಕಡೆ ಅದಕ್ಕೆ ಒಂದು ಕಾರು ಬರುತ್ತದೆ. ಇಷ್ಟು ಕೊಟ್ಟವರಿಗೆ ಎಲ್ಲವೂ ಬೇಕು ಅನಿಸುವುದು ಸಹಜ. ಆದರೆ ಎಲ್ಲವೂ ಬೇಕು ಎನ್ನುವವರಿಗೆ ನೀವು ಈಗಾಗಲೇ ಬೇರೆ ಕ್ಯಾಮೆರಾ ಮಾಡಿಕೊಟ್ಟಿದ್ದೀರಿ. 2015ರ ಎಸ್ಎಲ್ 4ಕೆ ವಿಡಿಯೋ ಮಾಡಿತು. 2023ರ ಕ್ಯೂ3ರಲ್ಲಿ 60 ಮೆಗಾಪಿಕ್ಸೆಲ್ ಸೆನ್ಸರ್, 8ಕೆ ವಿಡಿಯೋ, ಎಂ11ಕ್ಕಿಂತ ಕಡಿಮೆ ಬೆಲೆ. ಎಂ ಲೆನ್ಸ್ ಎಸ್ಎಲ್‌ಗೆ ಅಡಾಪ್ಟರ್ ಹಾಕಿದರೆ ಕೂರುತ್ತದೆ. ಇನ್ನು ನಿಮ್ಮ ಪಕ್ಕದಲ್ಲೇ, ನಿಮ್ಮ ಕಂಪನಿ ಇರುವ ಅದೇ ಲೈಟ್ಸ್ ಪಾರ್ಕಿನಲ್ಲಿ, ಸಿನಿಮಾ ಲೆನ್ಸ್ ಮಾಡುವ ನಿಮ್ಮ ಸೋದರ ಕಂಪನಿ ಇದೆ. ಅವರು ಎಂ ಲೆನ್ಸುಗಳನ್ನೇ ತಗೊಂಡು, ಫೋಕಸ್ ಎಳೆಯುವವರಿಗೆ ಬೇಕಾದ ಹಲ್ಲಿನ ಚಕ್ರ ಕೂರಿಸಿ, ಎಂ 0.8 ಅಂತ ಸಿನಿಮಾ ಲೆನ್ಸ್ ಮಾಡಿದರು. ನನಗೆ ಅದು ತುಂಬಾ ಹಿಡಿಸಿತು. ಎಂ ಗಾಜಿನಲ್ಲಿ ಸಿನಿಮಾ ಮಾಡಬೇಕೆನ್ನುವವರಿಗೆ ಅದು ಸರಿಯಾದ ಉತ್ತರ. ಗಾಜು ಅದೇ, ಕ್ಯಾಮೆರಾ ಬೇರೆ, ಫೋಕಸ್ ಮಾಡಲು ಪಕ್ಕದಲ್ಲಿ ಇನ್ನೊಬ್ಬರು.

ಕಂಪನಿ ಬದುಕಬೇಕು ಎನ್ನುವುದೂ ನನಗೆ ಗೊತ್ತು. 2005ರ ಸುಮಾರಿಗೆ ನೀವು ಮುಳುಗುವ ಹಂತಕ್ಕೆ ಹೋಗಿದ್ದಿರಿ. ಹೊಸಬರು ಬರದಿದ್ದರೆ ಮುಂದೆ ಕಷ್ಟ ಎನ್ನುವ ಭಯ ನ್ಯಾಯವಾದದ್ದು. ಆದರೆ 2022ರಲ್ಲಿ ನೀವು ಎಂ6 ಫಿಲ್ಮ್ ಕ್ಯಾಮೆರಾವನ್ನು ಮತ್ತೆ ಮಾಡಲು ಶುರು ಮಾಡಿದಿರಲ್ಲ, ಅದಕ್ಕೆ ಆಸೆಪಡುವವರಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು ಎಷ್ಟೋ ಜನ ನನಗೇ ಗೊತ್ತು. ಅದರಲ್ಲಿ ಪರದೆ ಇಲ್ಲ, ಕಾರ್ಡ್ ಇಲ್ಲ, ಒಂದು ರೋಲಿಗೆ 36 ಫೋಟೋ ಅಷ್ಟೇ. ಅವರು ಹುಟ್ಟಿದಾಗಿನಿಂದ ವಿಡಿಯೋ ನೋಡಿಕೊಂಡೇ ಬೆಳೆದವರು. ಅದಕ್ಕೇ ಅವರಿಗೆ ಬೇರೆ ಏನೋ ಬೇಕಾಗಿದೆ.

ಹೋದ ಅಕ್ಟೋಬರಿನಲ್ಲಿ ನಿಮ್ಮ ಊರಿಗೆ ಬಂದಿದ್ದೆ. ಐಸೆನ್‌ಮಾರ್ಕ್ಟ್‌ನಲ್ಲಿ ನೆಲದ ಮೇಲೆ ಒಂದು ಗುರುತು ಇದೆಯಲ್ಲ, ಲೈಕಾ ಕ್ಯಾಮೆರಾ ರೂಪಿಸಿದ ಓಸ್ಕರ್ ಬಾರ್ನಾಕ್ ತಮ್ಮ ಮೊದಲ ಪುಟ್ಟ ಕ್ಯಾಮೆರಾ ಹಿಡಿದು ಫೋಟೋ ತೆಗೆದ ಜಾಗ, ಅಲ್ಲಿ ನಿಂತು ಅದೇ ಮರದ ಚೌಕಟ್ಟಿನ ಮನೆಯನ್ನು ನೋಡಿದೆ. ಬಾರ್ನಾಕ್ 1911ರಲ್ಲಿ, ಇವತ್ತಿನ ಲೈಕಾದ ಮೂಲವಾದ ಲೈಟ್ಸ್ ಕಂಪನಿಗೆ ಸೇರಿದರು. ಅಲ್ಲಿ ಅವರು ಸಿನಿಮಾ ಕ್ಯಾಮೆರಾದ ಕೆಲಸವನ್ನೂ ಮಾಡಿದವರು. ಕೈಯಲ್ಲಿ 35 ಮಿಲಿಮೀಟರಿನ ಸಿನಿಮಾ ಫಿಲ್ಮ್ ಇತ್ತು. ಉಸಿರಿನ ತೊಂದರೆ ಇದ್ದವರು, ಆ ಕಾಲದ ಭಾರದ ಪ್ಲೇಟ್ ಕ್ಯಾಮೆರಾ ಹೊತ್ತು ಗುಡ್ಡ ಹತ್ತಲು ಆಗುತ್ತಿರಲಿಲ್ಲ. ಸಿನಿಮಾದಲ್ಲಿ ಆ ಫಿಲ್ಮ್ ಮೇಲಿಂದ ಕೆಳಕ್ಕೆ ಓಡುತ್ತದೆ, ಒಂದು ಚೌಕ 18 ಮತ್ತು 24 ಮಿಲಿಮೀಟರ್. ಬಾರ್ನಾಕ್ ಅದನ್ನು ಅಡ್ಡ ಮಲಗಿಸಿದರು. ಎರಡು ಚೌಕ ಸೇರಿಸಿ ಒಂದು ಮಾಡಿದರು, 24 ಮತ್ತು 36. ಓಡುತ್ತಿದ್ದ ಫಿಲ್ಮನ್ನು ನಿಲ್ಲಿಸಿ, ಒಂದೊಂದೇ ಚಿತ್ರಕ್ಕೆ ಕೈಯಿಂದ ಮುಂದಕ್ಕೆ ಸರಿಸಿದರು. 1920ರಲ್ಲಿ ನಿಮ್ಮ ಊರಿಗೆ ನೆರೆ ಬಂದಾಗ ಆ ಕ್ಯಾಮೆರಾ ಹಿಡಿದು ಬೀದಿಯಲ್ಲಿ ನೀರು ನಿಂತಿದ್ದನ್ನು ತೆಗೆದರು. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅದು ಲೈಕಾ ಅಂತ ಹೊರಗೆ ಬಂತು. 2025ಕ್ಕೆ ಅದಕ್ಕೆ ನೂರು ವರ್ಷ ತುಂಬಿತು. ಸಿನಿಮಾ ಗೊತ್ತಿಲ್ಲದೆ ಅಲ್ಲ, ಸಿನಿಮಾ ಚೆನ್ನಾಗಿ ಗೊತ್ತಿದ್ದವರೇ ಅದರಿಂದ ಹೊರಗೆ ಬಂದು ಮಾಡಿದ ಕ್ಯಾಮೆರಾ ಇದು.

ನಿಮ್ಮ ಕ್ಯಾಮೆರಾ ಹಿಡಿದವರಲ್ಲಿ ಅತಿ ದೊಡ್ಡ ಹೆಸರು ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ಟಿಯೇ ಬ್ರೆಸೋನ್ ಅವರದ್ದು. 1948ರ ಜನವರಿ 30ರಂದು ಗಾಂಧೀಜಿಯನ್ನು ಕಂಡು ಬಂದವರು, ಆಮೇಲೆ ಅಂತ್ಯಯಾತ್ರೆಯ ಫೋಟೋ ತೆಗೆದವರು. 1950ರ ಏಪ್ರಿಲ್‌ನಲ್ಲಿ ರಮಣ ಮಹರ್ಷಿಗಳು ತೀರಿಕೊಂಡಾಗ ತಿರುವಣ್ಣಾಮಲೈಯಲ್ಲೂ ಇದ್ದರು. ಅವರು ಸಿನಿಮಾ ಮಾಡಿದವರೂ ಹೌದು. 1930ರ ದಶಕದಲ್ಲಿ ಸಿನಿಮಾ ನಿರ್ದೇಶಕ ಜ್ಯಾಂ ರೆನ್ವಾ ಅವರಿಗೆ ಸಹಾಯಕರಾಗಿದ್ದರು. ಯುದ್ಧದ ಕೈದಿಗಳು ಊರಿಗೆ ಮರಳುವುದರ ಮೇಲೆ 1945ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಸಿನಿಮಾ ಮಾಡುವಾಗ ಸಿನಿಮಾ ಕ್ಯಾಮೆರಾ, ಬೀದಿಗೆ ಇಳಿದಾಗ ಲೈಕಾ. ಎರಡೂ ಬಲ್ಲವರಿಗೂ ಎರಡು ಬೇರೆ ಸಾಧನ ಬೇಕಾಗಿತ್ತು.

ಈಗ ನಾನು ಕೇಳುವುದನ್ನು ನೇರವಾಗಿ ಹೇಳುತ್ತೇನೆ. ಆಪ್ಟಿಕಲ್ ರೇಂಜ್‌ಫೈಂಡರ್ ಇರುವ ಎಂ ಕ್ಯಾಮೆರಾದಲ್ಲಿ ವಿಡಿಯೋ ಇರುವುದಿಲ್ಲ ಅಂತ ಒಂದು ಸಲ ಬಾಯಿಬಿಟ್ಟು ಹೇಳಿಬಿಡಿ. ಪ್ರತಿ ಹೊಸ ಎಂ ಬರುವಾಗಲೂ ಈ ಸಲ ಏನು ಮಾಡಿದ್ದಾರೋ ಅಂತ ನಾವು ಕಾಯುವುದು ತಪ್ಪುತ್ತದೆ. ವಿಡಿಯೋ ಕೊಡಲೇಬೇಕು ಅನಿಸಿದರೆ ಅದಕ್ಕೂ ಜಾಗ ಇದೆ. 2025ರಲ್ಲಿ ರೇಂಜ್‌ಫೈಂಡರ್ ತೆಗೆದು ಎಲೆಕ್ಟ್ರಾನಿಕ್ ವ್ಯೂಫೈಂಡರ್ ಇಟ್ಟು ಎಂ ಇವಿ1 ತಂದಿದ್ದೀರಿ. ಅದು ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ. ಕಣ್ಣಿನ ತೊಂದರೆಯಿಂದ ಎರಡು ಬಿಂಬ ಕೂಡಿಸಲು ಆಗದವರಿಗೆ ಅದು ವರವೇ. ಯೋಚನೆ ಮಾಡುವುದಿದ್ದರೆ ಆ ಸಾಲಿನಲ್ಲಿ ಮಾಡಿ, ನಮ್ಮ ಅಡ್ಡಿ ಇಲ್ಲ.

ಉಳಿದ ಶ್ರಮವನ್ನು ರೇಂಜ್‌ಫೈಂಡರ್ ಮೇಲೆ ಹಾಕಿ. ಕ್ಯಾಮೆರಾ ಆನ್ ಮಾಡಿದ ತಕ್ಷಣ ಒತ್ತಲು ಸಿದ್ಧವಾಗಿರಲಿ. ಬ್ಯಾಟರಿ ಒಂದು ಪೂರ್ತಿ ಜಾತ್ರೆಯ ದಿನ ಬರಲಿ. ಕನ್ನಡಕ ಹಾಕಿಕೊಂಡವರಿಗೂ 28ರ ಅಗಲ ಲೆನ್ಸಿನ ಬಿಳಿ ಗೆರೆಗಳು ಪೂರ್ತಿ ಕಾಣುವಂತಾಗಲಿ, ನನಗೀಗ ಆ ವಯಸ್ಸು. ಇನ್ನೊಂದು, ಇದು ನಮ್ಮ ಕಡೆಯವರ ಪರವಾಗಿ ಕೇಳುವುದು. ಒಂದು ಸಲ ಕೈತಪ್ಪಿ ಬಿದ್ದರೆ ಎರಡು ಬಿಂಬ ಸರಿಯಾಗಿ ಕೂಡುವುದಿಲ್ಲ. ಅದನ್ನು ಸರಿಮಾಡಲು ಕಲಿತ ಕೈ ಬೇಕು. ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ನಾಲ್ಕು ಜನ ಹುಡುಗ ಹುಡುಗಿಯರಿಗೆ ನೀವೇ ಈ ಕೆಲಸ ಕಲಿಸಿ. 8ಕೆ ವಿಡಿಯೋಗೆ ಹಾಕುವ ದುಡ್ಡಿನಲ್ಲಿ ಸಣ್ಣ ಪಾಲು ಸಾಕಾಗುತ್ತದೆ, ಆ ನಾಲ್ಕು ಜನ ಮೂವತ್ತು ವರ್ಷ ನಿಮ್ಮ ಕ್ಯಾಮೆರಾಗಳನ್ನು ಬದುಕಿಸುತ್ತಾರೆ.

ಮೇ ತಿಂಗಳಲ್ಲಿ ಮತ್ತೆ ವೆಟ್ಸ್ಲಾರ್‌ಗೆ ಬರುತ್ತೇನೆ. ಅಜ್ಜಿಯ ಆ ಮೂರು ಫೋಟೋಗಳಲ್ಲಿ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತರುತ್ತೇನೆ. ಬಾಯಿ ಅರ್ಧ ತೆರೆದಿದೆ, ಕಣ್ಣು ಮುಚ್ಚಿದೆ, ಒಂದು ಕೈ ತೊಡೆಯ ಮೇಲೆ ತಾಳ ಹಾಕಲು ಎದ್ದಿದೆ. ಲೈಟ್ಸ್ ಪಾರ್ಕಿನ ಬಾಗಿಲಲ್ಲಿ ಅದನ್ನು ಯಾರ ಕೈಗೆ ಕೊಡಬೇಕು ಅಂತ ತಿಳಿಸಿದರೆ ಸಾಕು.

ಇಂತಿ ನಿಮ್ಮ,
ಎಂ10 ಹಿಡಿದು ಓಡಾಡುವ ಒಬ್ಬ ತಿಪಟೂರಿನವನು
ಫ್ರಾಂಕ್‌ಫರ್ಟ್